ಹುಲಿ, ಜಿಂಕೆ, ಒಂದೇ ಲಾರಿ

ರಾಜಮೌಳಿಯ ಸಿನಿಮಾ ಚೆನ್ನಾಗಿದೆ ಅನ್ನುವುದಕ್ಕೆ ಒಂದು ಶಿಳ್ಳೆ ಸಾಕು. ಚೆನ್ನಾಗಿಲ್ಲ ಅನ್ನುವುದಕ್ಕೆ ಮಾತ್ರ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಮಧ್ಯಾಹ್ನದ ನಿದ್ದೆ ಬಿಟ್ಟು ಕೂತು ವಾದಿಸಬೇಕಾಗುತ್ತದೆ. ನಮ್ಮ ಮನೆಯಲ್ಲಿ ಹಬ್ಬಕ್ಕೆ ನಾಲ್ಕು ಜನ ಸೇರಿದರೆ ಈ ಎರಡನೆಯದೇ ನಡೆಯುವುದು. ರಾಜಕೀಯ ಮಾತಾಡಕೂಡದೆಂದು ಅಕ್ಕನ ಕಟ್ಟಪ್ಪಣೆ. ಆಸ್ತಿಯ ಸುದ್ದಿ ಎತ್ತಕೂಡದೆಂದು ಎಲ್ಲರ ಮೌನ ಒಪ್ಪಂದ. ಇನ್ನು ಉಳಿಯುವುದು ಸಿನಿಮಾ. ಅದರಲ್ಲೂ ಬಳ್ಳಾರಿಯ ಮನೆಯಲ್ಲಿ ಸಿನಿಮಾ ಅಂದಮೇಲೆ ಮಾತು ತಿರುಗಿ ತಿರುಗಿ ರಾಜಮೌಳಿಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ನಮ್ಮ ಊರಿಗೆ ತೆಲುಗು ಸಿನಿಮಾ ಎಂದೂ ಹೊರಗಿನದಾಗಿರಲಿಲ್ಲ. ರಂಗನಟ ಬಳ್ಳಾರಿ ರಾಘವರೇ ಕನ್ನಡ, ತೆಲುಗು ಎರಡೂ ಭಾಷೆಯಲ್ಲಿ ಬಣ್ಣ ಹಚ್ಚಿದವರು. ಅವರ ಊರಿನ ಜನ ಒಂದೇ ಭಾಷೆಯಲ್ಲಿ ಶಿಳ್ಳೆ ಹೊಡೆಯಬೇಕೆಂದರೆ ಹೇಗೆ? ಅದೂ ಅಲ್ಲದೆ ಈ ರಾಜಮೌಳಿ ಹುಟ್ಟಿದ್ದು 1973ರಲ್ಲಿ, ಪಕ್ಕದ ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ. ಕ್ಯಾಂಪೆಂದರೆ ಮಿಲಿಟರಿಯದಲ್ಲ. ತುಂಗಭದ್ರೆಯ ಕಾಲುವೆ ಬಂದಮೇಲೆ ಆಂಧ್ರದ ಕಡೆಯಿಂದ ರೈತರು ಬಂದು, ಭೂಮಿ ಕೊಂಡು, ಭತ್ತ ಬೆಳೆಯತೊಡಗಿದರು. ಅವರು ನೆಲೆ ನಿಂತ ಊರುಗಳಿಗೆಲ್ಲ ಕ್ಯಾಂಪ್ ಎಂದೇ ಹೆಸರು ಬಿತ್ತು. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಬಸ್ಸಿನಲ್ಲಿ ಹೋದವರಿಗೆ ಇದು ಗೊತ್ತು. ಹಾಗಾಗಿ 2023ರ ಮಾರ್ಚಿನಲ್ಲಿ ಅವನ ‘ಆರ್‌ಆರ್‌ಆರ್’ ಚಿತ್ರದ ‘ನಾಟು ನಾಟು’ ಹಾಡಿಗೆ ಆಸ್ಕರ್ ಬಂದಾಗ ನಮ್ಮ ಓಣಿಯಲ್ಲಿ ಒಂದೇ ಮಾತು: “ನಮ್ಮ ಡ್ಯಾಮಿನ ನೀರು ಕುಡಿದಾನ್ರೀ ಅವ.” ಪ್ರಶಸ್ತಿ ಬಂದದ್ದು ಸಂಗೀತ ಕೊಟ್ಟ ಕೀರವಾಣಿ ಮತ್ತು ಹಾಡು ಬರೆದ ಚಂದ್ರಬೋಸ್ ಅವರಿಗೆ, ನಿರ್ದೇಶಕನಿಗಲ್ಲ ಎಂದು ಹೇಳಹೋದವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಭಾವ ಮೈಸೂರು ಕಡೆಯವರು. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿ ಕಾಲೇಜಿಗೆ ಮಾತ್ರ, ಫಿಸಿಕ್ಸಿಗಲ್ಲ. ‘ಬಾಹುಬಲಿ’ಯ ಎರಡನೇ ಭಾಗದಲ್ಲಿ ಸೈನಿಕರು ತಾಳೆಮರಗಳನ್ನು ಬಗ್ಗಿಸಿ, ಗುರಾಣಿಗಳನ್ನು ಸುತ್ತ ಹಿಡಿದು ಉಂಡೆಯಾಗಿ, ಕೋಟೆಯ ಗೋಡೆ ದಾಟಿ ಒಳಗೆ ಬೀಳುತ್ತಾರಲ್ಲ, ಆ ದೃಶ್ಯ ಅವರ ನಿದ್ದೆ ಕೆಡಿಸಿದೆ. ಮದುವೆ ಕಾಗದದ ಹಿಂಭಾಗದಲ್ಲಿ ಮರದ ಎತ್ತರ, ಬಾಗಿದ ಕೋನ, ಸೈನಿಕನ ತೂಕ ಎಲ್ಲ ಬರೆದು, ಕೊನೆಗೆ ಪೆನ್ನಿನ ಮುಚ್ಚಳ ಹಾಕುತ್ತ ತೀರ್ಪು ಕೊಡುತ್ತಾರೆ: “ಅಲ್ಲಯ್ಯಾ, ಅಷ್ಟೂ ಜನ ಗೋಡೆಗೆ ಬಡಿದು ಹಪ್ಪಳವಾಗ್ತಾರೆ. ಯುದ್ಧ ಅಲ್ಲಿಗೇ ಮುಗೀತು.”

‘ಆರ್‌ಆರ್‌ಆರ್’ ಬಂದಮೇಲೆ ಅವರ ತಕರಾರು ಫಿಸಿಕ್ಸನ್ನೂ ದಾಟಿ ಜೀವಶಾಸ್ತ್ರಕ್ಕೆ ಕಾಲಿಟ್ಟಿತು. ಭೀಮನ ಪಾತ್ರಧಾರಿ ಜೂನಿಯರ್ ಎನ್‌ಟಿಆರ್ ಬ್ರಿಟಿಷ್ ಗವರ್ನರನ ಬಂಗಲೆಗೆ ಲಾರಿ ನುಗ್ಗಿಸುತ್ತಾನೆ. ಲಾರಿಯಿಂದ ಹುಲಿ, ಚಿರತೆ, ತೋಳ, ಜಿಂಕೆ ಎಲ್ಲ ಒಟ್ಟಿಗೇ ನೆಗೆಯುತ್ತವೆ. ಥಿಯೇಟರಿನಲ್ಲಿ ಕಾಗದದ ಚೂರು ಹಾರುತ್ತಿದ್ದರೆ ಭಾವ ನನ್ನ ಕಿವಿಯಲ್ಲಿ ಕೇಳಿದರು: “ಅಷ್ಟು ದೂರ ಒಂದೇ ಲಾರೀಲಿ ಬಂತಲ್ಲ, ಹುಲಿ ಪಕ್ಕದ ಜಿಂಕೆಯನ್ನ ಯಾಕೆ ತಿನ್ನಲಿಲ್ಲ?” ಆ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರವಿಲ್ಲ. ದೊಡ್ಡಮ್ಮನ ಹತ್ತಿರ ಇತ್ತು. “ಅವಕ್ಕೂ ಬ್ರಿಟಿಷರ ಮ್ಯಾಲೆ ಸಿಟ್ಟಿತ್ತು ಅಳಿಯಂದಿರೇ,” ಅಂದಳು. ಸ್ವಾತಂತ್ರ್ಯ ಹೋರಾಟದಲ್ಲಿ ಒಳಜಗಳ ಕೂಡದೆಂಬುದು ಅವಳ ಅಭಿಪ್ರಾಯವಿರಬೇಕು.

ಲಾಜಿಕ್ ಎಂಬ ಈ ಕೋಲು ಹಿಡಿದು ರಾಜಮೌಳಿಗೆ ಬಡಿಯುವವರನ್ನು ಕಂಡರೆ ನನಗೆ ರನ್ನ ನೆನಪಾಗುತ್ತಾನೆ. ‘ಗದಾಯುದ್ಧ’ದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕುಳಿತಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಆ ಗರ್ಜನೆ ಕೇಳಿ ದುರ್ಯೋಧನ ನೀರಿನೊಳಗೇ ಬೆವರುತ್ತಾನೆ. ಸಾವಿರ ವರ್ಷದಿಂದ ಕನ್ನಡಿಗರು ಇದನ್ನು ಓದಿ ತಲೆದೂಗಿದ್ದಾರೆ. ಕೊಳದಲ್ಲಿ ಮುಳುಗಿದವನಿಗೆ ಬೆವರು ಬಂದದ್ದು ಯಾರಿಗೆ ಕಂಡಿತು ಎಂದು ಯಾವ ಮೇಷ್ಟರೂ ಪ್ರಶ್ನೆಪತ್ರಿಕೆಯಲ್ಲಿ ಕೇಳಲಿಲ್ಲ. ಇದನ್ನು ಭಾವನ ಮುಂದಿಟ್ಟೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ರನ್ನ ಅದನ್ನ ಗ್ರಾಫಿಕ್ಸ್‌ನಲ್ಲಿ ತೋರಿಸಲಿಲ್ಲವಲ್ಲ,” ಅಂದರು. ಒಪ್ಪತಕ್ಕ ಮಾತು. ಕಿವಿಗೆ ಹೇಳಿದ ಸುಳ್ಳು ಕಾವ್ಯವಾಗುತ್ತದೆ. ಅದನ್ನೇ ಕಣ್ಣಿಗೆ ತೋರಿಸಿದರೆ ಲೆಕ್ಕ ಕೇಳುವವರು ಎದ್ದು ನಿಲ್ಲುತ್ತಾರೆ.

ದೊಡ್ಡಮ್ಮನಿಗೆ ಈ ಲೆಕ್ಕದ ಹಂಗಿಲ್ಲ. ಅವಳು ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವಳು. ಅಲ್ಲಿ ಭೀಮ ರಂಗಕ್ಕೆ ಬಂದಕೂಡಲೇ ಮಾತಾಡುವುದಿಲ್ಲ. ಭುಜಕೀರ್ತಿ ಕುಣಿಸುತ್ತ, ಹೆಜ್ಜೆ ಹಾಕುತ್ತ, ಹಲಗೆ ಮುರಿಯುವ ಹಾಗೆ ನೆಗೆದು, ಸಾರಥಿಯಿಂದ ‘ತಾವು ಯಾರು’ ಎಂದು ಕೇಳಿಸಿಕೊಂಡು, ಆಮೇಲೆ ತನ್ನ ಹೆಸರು ಹೇಳುತ್ತಾನೆ. ರಾಜಮೌಳಿಯ ನಾಯಕರು ಪರದೆಗೆ ಬರುವ ರೀತಿಯಲ್ಲಿ ಅವಳಿಗೆ ಹೊಸದೇನೂ ಕಾಣುವುದಿಲ್ಲ. ಅವಳಿಗೆ ಬೇಕಾದದ್ದು ಬೇರೆ. ‘ಬಾಹುಬಲಿ’ಯ ಆರಂಭದಲ್ಲೇ ಶಿವಗಾಮಿ ಹೊಳೆಯಲ್ಲಿ ಮುಳುಗುತ್ತ, ಕೂಸನ್ನು ಹಿಡಿದ ಕೈಯನ್ನು ಮಾತ್ರ ನೀರಿನ ಮೇಲೆ ಎತ್ತಿ ಹಿಡಿಯುತ್ತಾಳೆ. “ಅಷ್ಟು ತೋರಿಸಿದನಲ್ಲ, ಮುಂದ ಏನು ಮಾಡಿದರೂ ಮಾಡಿಕೊಳ್ಳಲಿ,” ಎನ್ನುತ್ತಾಳೆ. ಯೋಚಿಸಿದರೆ ರಾಜಮೌಳಿಯ ಗುಟ್ಟೆಲ್ಲ ಇದೇ. ಮೊದಲು ಕರುಳಿಗೆ ಒಂದು ಗಂಟು ಹಾಕುತ್ತಾನೆ. ಆಮೇಲೆ ಮರ ಬಗ್ಗಲಿ, ಆನೆ ಮಣಿಯಲಿ, ನೋಡುವವನು ಲೆಕ್ಕದ ಪುಸ್ತಕ ಮುಚ್ಚಿಟ್ಟಿರುತ್ತಾನೆ. ಮುಚ್ಚಿಡದವರು ಭಾವನಂಥ ಕೆಲವರು.

ಚಿಕ್ಕವನಿದ್ದಾಗ ಅಮರ ಚಿತ್ರಕಥೆ ಓದಿ ಬೆಳೆದೆನೆಂದು ರಾಜಮೌಳಿ ಹೇಳಿಕೊಂಡಿದ್ದಾನೆ. ಅದು ಪರದೆಯ ಮೇಲೆ ಕಾಣುತ್ತದೆ ಕೂಡ. ಆ ಪುಸ್ತಕಗಳನ್ನು 1967ರಲ್ಲಿ ಶುರುಮಾಡಿದ ಅನಂತ ಪೈ ನಮ್ಮ ಕಾರ್ಕಳದವರು. ‘ಬಾಹುಬಲಿ’ಯ ಮಹಿಷ್ಮತಿ ಅರಮನೆಯಲ್ಲಿ ಒಂದು ಇಟ್ಟಿಗೆ ಕಾರ್ಕಳದ್ದು ಎಂದು ನಾನು ವಾದಿಸುತ್ತೇನೆ. ಬಾಹುಬಲಿಯ ಮೂರ್ತಿಯೂ ಇರುವ ಊರು ಅದು. ಹೆಸರಿಗೂ ಬಾಡಿಗೆ ಕೇಳಬಹುದಿತ್ತು.

ಅಕ್ಕನ ಮಗ, ನನ್ನ ಅಳಿಯ, ಬೆಂಗಳೂರಿನಲ್ಲಿ ಇಂಜಿನಿಯರು, ಚಿತ್ರೋತ್ಸವಗಳ ಪಾಸು ಕೊರಳಿಗೆ ಹಾಕಿಕೊಂಡು ತಿರುಗುವವನು. ಅವನ ಗಾಯ ಬೇರೆ. 2015ರ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರವೆಂದು ‘ಬಾಹುಬಲಿ’ಯನ್ನು ಆರಿಸಿದರು. ಅದೇ ಸಾಲಿನಲ್ಲಿ ರಾಮ್ ರೆಡ್ಡಿಯ ‘ತಿಥಿ’ಗೆ ಸಿಕ್ಕಿದ್ದು ಅತ್ಯುತ್ತಮ ಕನ್ನಡ ಚಿತ್ರ ಎಂಬ ಪ್ರಶಸ್ತಿ. “ಮಾಮ, ಮಂಡ್ಯದ ಹಳ್ಳಿ ಜನರನ್ನೇ ಹಾಕಿಕೊಂಡು ಮಾಡಿದ ಸಿನಿಮಾ ಲೊಕಾರ್ನೋದಲ್ಲಿ ಗೆದ್ದು ಬಂದರೆ, ಇಲ್ಲಿ ಕಿರೀಟ ಯಾರಿಗೆ ನೋಡು,” ಎಂದು ಇಂದಿಗೂ ಕುದಿಯುತ್ತಾನೆ. ಆ ಸಲದ ತೀರ್ಪುಗಾರರ ಅಧ್ಯಕ್ಷರು ರಮೇಶ್ ಸಿಪ್ಪಿ. ರಾಮನಗರದ ಬಂಡೆಗಳ ನಡುವೆ ‘ಶೋಲೆ’ ತೆಗೆದವರಿಗೆ ಮಹಿಷ್ಮತಿ ಇಷ್ಟವಾದದ್ದರಲ್ಲಿ ಆಶ್ಚರ್ಯವೇನಿಲ್ಲ. ನನ್ನನ್ನು ಕೇಳಿದರೆ, ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಬೈಯುತ್ತ ಕುಸಿದುಬೀಳುವ ಸೆಂಚುರಿ ಗೌಡನ ಸಾವು ಬಾಹುಬಲಿಯ ಸಾವಿಗಿಂತ ಹೆಚ್ಚು ದಿನ ನೆನಪಿನಲ್ಲಿ ಉಳಿದಿದೆ. ಆದರೆ ‘ತಿಥಿ’ಗೆ ದೊಡ್ಡಮ್ಮನನ್ನು ಕರೆದುಕೊಂಡು ಹೋಗಲು ಆಗಲಿಲ್ಲ. ಸಿನಿಮಾದ ಹೆಸರು ಕೇಳಿಯೇ “ಹಬ್ಬದ ದಿನ ಎಂಥಾ ಮಾತು” ಎಂದು ಎದ್ದು ಒಳಗೆ ಹೋದಳು.

ಕನ್ನಡಕ್ಕೆ ಡಬ್ಬಿಂಗ್ ಕೂಡದೆಂಬ ಕಟ್ಟುನಿಟ್ಟು ಇದ್ದ ಕಾಲದಲ್ಲಿ ರಾಜಮೌಳಿ ನಮ್ಮಲ್ಲಿಗೆ ರೀಮೇಕಿನ ವೇಷದಲ್ಲಿ ಬಂದ. ‘ವಿಕ್ರಮಾರ್ಕುಡು’ 2009ರಲ್ಲಿ ಸುದೀಪರೇ ನಿರ್ದೇಶಿಸಿ ನಟಿಸಿದ ‘ವೀರ ಮದಕರಿ’ಯಾಯಿತು. ‘ಮರ್ಯಾದ ರಾಮನ್ನ’ 2011ರಲ್ಲಿ ಕೋಮಲ್ ಅವರ ‘ಮರ್ಯಾದೆ ರಾಮಣ್ಣ’. ಬಳ್ಳಾರಿಯ ಜನ ಮೊದಲು ತೆಲುಗಿನಲ್ಲಿ ನೋಡಿ, ಆಮೇಲೆ ಕನ್ನಡಾಭಿಮಾನಕ್ಕೆ ಇನ್ನೊಂದು ಸಲ ನೋಡಿ, ಒಂದೇ ಕಥೆಗೆ ಎರಡು ಟಿಕೆಟ್ ಕೊಂಡರು. ಈ ರಾಮನ್ನನ ಕಥೆಯೂ ಮೂಲದಲ್ಲಿ ತೆಲುಗಿನದಲ್ಲ. ಬಸ್ಟರ್ ಕೀಟನ್ 1923ರಲ್ಲಿ ಮಾಡಿದ ‘ಅವರ್ ಹಾಸ್ಪಿಟಾಲಿಟಿ’ ಎಂಬ ಮೂಕಿಚಿತ್ರ ಅದರ ಬೇರು. ಮನೆಗೆ ಬಂದ ಅತಿಥಿಯನ್ನು ಹೊಸ್ತಿಲೊಳಗೆ ಕೊಲ್ಲಕೂಡದು, ಹೊರಗೆ ಕಾಲಿಟ್ಟರೆ ಬಿಡಕೂಡದು. ಕೊಲೆಯಾಗಬೇಕಾದವನು ಏನಾದರೊಂದು ನೆಪ ಹೂಡಿ ಒಳಗೇ ಉಳಿಯುತ್ತಾನೆ. ಅಮೆರಿಕದ ಮನೆತನಗಳ ಹಗೆ ರಾಯಲಸೀಮೆಯ ಹಗೆಯಲ್ಲಿ ಇಷ್ಟು ಸಲೀಸಾಗಿ ಬೆರೆತದ್ದನ್ನು ಕಂಡು ಅಳಿಯನೂ ಇದೊಂದಕ್ಕೆ ಅರ್ಧ ಅಂಕ ಕೊಡುತ್ತಾನೆ.

2017ರಲ್ಲಿ ದೇಶವೆಲ್ಲ ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಎಂದು ಕೇಳುತ್ತಿದ್ದರೆ, ಕರ್ನಾಟಕ ಮಾತ್ರ ಕಟ್ಟಪ್ಪ ಕಾವೇರಿಯ ಬಗ್ಗೆ ಹಾಗೇಕೆ ಮಾತಾಡಿದ ಎಂದು ಕೇಳುತ್ತಿತ್ತು. ಆ ಪಾತ್ರ ಮಾಡಿದ ಸತ್ಯರಾಜ್ ವರ್ಷಗಳ ಹಿಂದೆ ಆಡಿದ್ದ ಮಾತುಗಳವು. ವಾಟಾಳ್ ನಾಗರಾಜ್ ಬಂದ್ ಎಂದರು, ಸತ್ಯರಾಜ್ ವಿಷಾದ ಎಂದರು, ನಡುವೆ ರಾಜಮೌಳಿ ತನಗೆ ಬಂದಷ್ಟು ಕನ್ನಡದಲ್ಲಿ ವಿಡಿಯೋ ಮಾಡಿ ವಿನಂತಿಸಿಕೊಂಡ. ‘ಬಾಹುಬಲಿ’ಯ ಎರಡನೇ ಭಾಗ ಏಪ್ರಿಲ್ 28ಕ್ಕೆ ತೆರೆಕಂಡಿತು, ಸಾವಿರ ಕೋಟಿ ದಾಟಿದ ಮೊದಲ ಭಾರತೀಯ ಚಿತ್ರವೂ ಆಯಿತು. ನಾವು ತುಂಗಭದ್ರೆಯವರು, ಕಾವೇರಿಯ ಸಿಟ್ಟನ್ನೂ ಪಾಲಿಸಿ, ಟಿಕೆಟ್ಟನ್ನೂ ಮೊದಲೇ ತೆಗೆಸಿಟ್ಟಿದ್ದೆವು.

ಇಷ್ಟೆಲ್ಲ ಗಲಾಟೆಯ ನಡುವೆ ನಿಜವಾಗಿ ಬಾಯಿ ಮುಚ್ಚಿಸಿದವಳು ಅಕ್ಕ. ಮಜ್ಜಿಗೆ ಲೋಟ ಇಡುತ್ತ ಕೇಳಿದಳು: “‘ಬಾಹುಬಲಿ’ಯ ಮೊದಲ ಭಾಗದಲ್ಲಿ ಆ ಅವಂತಿಕಾ ಖಡ್ಗ ಹಿಡಿದು ಒಂದು ಕೆಲಸಕ್ಕೆ ಹೊರಟಿದ್ದಳು. ನಾಯಕ ಬಂದು ಅವಳ ಯೋಧನ ಉಡುಗೆ ಬಿಡಿಸಿ, ಕಾಡಿಗೆ ತೀಡಿ, ಹೀಗಿದ್ದರೆ ಚೆಂದ ಅಂದನಲ್ಲ, ಅವಳನ್ನು ಕೇಳಿದ್ದನೇನು? ಎರಡನೇ ಭಾಗದಲ್ಲಿ ಅವಳೆಲ್ಲಿ ಹೋದಳು?” ಮೈಮುಟ್ಟಿದವನ ಬೆರಳು ಕತ್ತರಿಸುವ ದೇವಸೇನೆ ಆ ಎರಡನೇ ಭಾಗದಲ್ಲೇ ಇದ್ದಾಳಲ್ಲ ಎಂದು ನಾನು ಸಮಾಧಾನ ಹೇಳಹೋದೆ. “ಒಬ್ಬಳಿಗೆ ಅನ್ನ ಹಾಕಿದರೆ ಇನ್ನೊಬ್ಬಳ ಹೊಟ್ಟೆ ತುಂಬಲ್ಲ,” ಎಂದು ಒಳಗೆ ಹೋದಳು. ಇದಕ್ಕೆ ಭಾವನೂ ಲೆಕ್ಕ ಹಾಕಲಿಲ್ಲ, ಅಳಿಯನೂ ಸಬೂಬು ಹೇಳಲಿಲ್ಲ. ಮೊದಲ ಭಾಗದ ಕಾಲಕೇಯರ ವಿಷಯವೂ ಅಷ್ಟೇ. ಕಪ್ಪು ಮೈ, ಅರ್ಥವಾಗದ ಭಾಷೆ, ಆದ್ದರಿಂದ ಕ್ರೂರಿಗಳು ಎಂಬ ಸುಲಭದ ಸೂತ್ರವನ್ನು ಎಷ್ಟೇ ಶಿಳ್ಳೆ ಹೊಡೆದರೂ ನುಂಗಲಾಗುವುದಿಲ್ಲ.

ಆಮೇಲೆ ಅಳಿಯ ನನ್ನ ರನ್ನನನ್ನೇ ನನಗೆ ತಿರುಗಿಸಿ ಕೊಟ್ಟ. “ಮಾಮ, ನೀರಲ್ಲಿ ಬೆವರಿಸಿದ ಕವಿ ಅದಕ್ಕೂ ಮೊದಲು ಆ ದುರ್ಯೋಧನನನ್ನು ರಣರಂಗದಲ್ಲಿ ಹೆಣಗಳ ನಡುವೆ ನಡೆಸಿದ್ದಾನೆ. ಕರ್ಣನನ್ನು ನೋಡಿ ಅಳುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿಗೂ ಕೈಮುಗಿಯುತ್ತಾನೆ. ನಿನ್ನ ರಾಜಮೌಳಿ ‘ಬಾಹುಬಲಿ’ಯ ಖಳ ಭಲ್ಲಾಳದೇವನಿಗೆ ಅಂಥ ಒಂದು ದೃಶ್ಯ ಕೊಟ್ಟಿದ್ದಾನಾ?” ಕೊಟ್ಟಿಲ್ಲ. ಭಲ್ಲಾಳದೇವನಿಗೆ ಹಿಗ್ಗಿದ ಎದೆಯುಂಟು, ಒಳಗೆ ಮನಸ್ಸಿಲ್ಲ. ‘ಆರ್‌ಆರ್‌ಆರ್’ನ ಗವರ್ನರ್ ದಂಪತಿಗಳೂ ಹಾಗೆಯೇ. ದುಷ್ಟರೆಂದು ಒಪ್ಪಿಕೊಂಡೇ ಪರದೆಗೆ ಬಂದವರು. ಉತ್ಪ್ರೇಕ್ಷೆ ತಪ್ಪಲ್ಲ, ನಮ್ಮ ಕಾವ್ಯಗಳೆಲ್ಲ ಅದರ ಮೇಲೇ ನಿಂತಿವೆ. ಬರೀ ನಾಯಕನನ್ನು ಉತ್ಪ್ರೇಕ್ಷಿಸಿ ಎದುರಾಳಿಯನ್ನು ಕುಗ್ಗಿಸಿಟ್ಟರೆ ಗದಾಯುದ್ಧ ಒಂದು ಪಕ್ಷದ ಕಸರತ್ತಾಗುತ್ತದೆ.

ಹಾಗಾಗಿ ನನ್ನ ಓಟು 2012ರ ‘ಈಗ’ ಚಿತ್ರಕ್ಕೆ. ಅಲ್ಲಿ ನಾಯಕ ನಾನಿ ಬೇಗನೆ ಸತ್ತು ನೊಣವಾಗಿ ಹುಟ್ಟುತ್ತಾನೆ. ತೋಳಿಲ್ಲ, ಎದೆಯಿಲ್ಲ, ಪರಿಚಯದ ಹಾಡಿಗೆ ಮುಖವೂ ಇಲ್ಲ. ಸಿನಿಮಾ ಹೊರಬೇಕಾದವರು ಖಳನಾಗಿರುವ ನಮ್ಮ ಸುದೀಪ್. ನೊಣವನ್ನು ಆಮೇಲೆ ಗ್ರಾಫಿಕ್ಸ್‌ನಲ್ಲಿ ಸೇರಿಸಿದ್ದು; ಅವರು ಬರೀ ಗಾಳಿಯನ್ನು ನೋಡಿ ಹೆದರಬೇಕಿತ್ತು, ಹೆದರಿದರು. ಆ ಖಳ ಒಳ್ಳೆಯವನೇನಲ್ಲ, ಕರ್ಣನಿಗಾಗಿ ಅಳುವವನೂ ಅಲ್ಲ. ಆದರೆ ಅವನ ನಿದ್ದೆ ಕೆಡುವುದನ್ನು, ಮನೆಯ ಕಿಂಡಿಗಳನ್ನೆಲ್ಲ ಮುಚ್ಚಿಸುವುದನ್ನು, ನಿಂತಲ್ಲಿ ಕೂತಲ್ಲಿ ಗುಂಯ್ ಎಂಬ ಸದ್ದಿಗೆ ಬೆಚ್ಚುವುದನ್ನು ನಿರ್ದೇಶಕ ಹತ್ತಿರ ಕೂತು ತೋರಿಸಿದ್ದಾನೆ. ಭೀಮನ ಗರ್ಜನೆಗೆ ಬೆವರಿದ ದೊರೆಗೂ, ನೊಣದ ಸದ್ದಿಗೆ ಬೆವರುವ ಈ ಸಿರಿವಂತನಿಗೂ ನಂಟಿದೆ ಅಂದಾಗ ಅಳಿಯ ಮೊದಲ ಸಲ ತಲೆಯಾಡಿಸಿದ. ಭಾವ ಮಾತ್ರ ನೊಣದ ರೆಕ್ಕೆಗೆ ಅಷ್ಟು ಭಾರ ಹೊರುವ ಬಲ ಇದೆಯೇ ಎಂದು ಮದುವೆ ಕಾಗದ ಹುಡುಕತೊಡಗಿದರು.

ಆ ವರ್ಷ ‘ಈಗ’ಕ್ಕೆ ಅತ್ಯುತ್ತಮ ತೆಲುಗು ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು, ಗ್ರಾಫಿಕ್ಸಿಗೂ ಬಂತು, ಸುದೀಪ್‌ಗೆ ಬರಲಿಲ್ಲ. ನಿಮ್ಮ ಮನೆಯಲ್ಲೂ ಈ ಜಗಳ ಇದ್ದರೆ ‘ಬಾಹುಬಲಿ’ಯನ್ನು ಪಕ್ಕಕ್ಕಿಟ್ಟು ಮೊದಲು ‘ಈಗ’ ಹಾಕಿ. ಫಿಸಿಕ್ಸ್ ಮೇಷ್ಟರಿದ್ದರೆ ಅವರ ಕೈಗೆ ಪೆನ್ನು ಕೊಡಬೇಡಿ.