ಹವಾಮಾನ ಖಾತೆಯ ಮಾವ

ನಮ್ಮ ಮಾವನವರು ನಿವೃತ್ತರಾಗಿ ಹದಿನಾಲ್ಕು ವರ್ಷವಾಯಿತು. ಸರ್ಕಾರ ಅವರನ್ನು ಬಿಟ್ಟಿತೇ ಹೊರತು ಅವರು ಆಡಳಿತ ಬಿಡಲಿಲ್ಲ. ಹಣಕಾಸು, ಆಹಾರ, ಗೃಹ ಖಾತೆಗಳೆಲ್ಲ ಮೊದಲಿನಿಂದಲೂ ಅತ್ತೆಯವರ ಕೈಯಲ್ಲೇ ಇದ್ದುದರಿಂದ, ಖಾಲಿ ಬಿದ್ದಿದ್ದ ಹವಾಮಾನ ಖಾತೆಯನ್ನು ನಿವೃತ್ತಿಯ ಮರುದಿನವೇ ವಹಿಸಿಕೊಂಡರು. ಇಂಥ ಸಚಿವರು ಮನೆಗೊಬ್ಬರಿರುತ್ತಾರೆ. ಅವರ ಮನೆಯ ಮಹಡಿಯಲ್ಲೇ ಸಂಸಾರ ಹೂಡಿರುವ ಅಳಿಯನಾದ ನನಗೆ ಇವರನ್ನು ಹತ್ತಿರದಿಂದ ನೋಡುವ ಭಾಗ್ಯ ಸಿಕ್ಕಿದೆ, ಅಷ್ಟೆ.

ಖಾತೆಯ ಕೆಲಸವೆಂದರೆ ಘೋಷಣೆ. ಬೆಳಗ್ಗೆ ಆರಕ್ಕೆ ಕಾಫಿ ಲೋಟ ಹಿಡಿದು ವರಾಂಡಕ್ಕೆ ಬಂದು, ತಪ್ಪು ಮಾಡಿದ ಗುಮಾಸ್ತನನ್ನು ನೋಡುವಂತೆ ಆಕಾಶವನ್ನೊಮ್ಮೆ ನೋಡಿ, "ಈ ಸಲದಷ್ಟು ಸೆಕೆ ನನ್ನ ಜನ್ಮದಲ್ಲೇ ಕಂಡಿಲ್ಲ" ಎನ್ನುತ್ತಾರೆ. ಜೂನ್ ಬಂದರೆ ಸೆಕೆಯ ಜಾಗದಲ್ಲಿ ಮಳೆ, ಡಿಸೆಂಬರಿನಲ್ಲಿ ಚಳಿ. ಮಿಕ್ಕ ವಾಕ್ಯಕ್ಕೆ ಹದಿನಾಲ್ಕು ವರ್ಷದಿಂದ ತಿದ್ದುಪಡಿ ಆಗಿಲ್ಲ.

ಹೀಗೆ ದೂರುವ ಹಕ್ಕು ಮಾತ್ರ ಅವರೊಬ್ಬರದೇ. ಮದುವೆಯಾದ ಹೊಸದರಲ್ಲಿ ಇದು ತಿಳಿಯದೆ, ಮಾತಿಗೊಂದು ಮಾತು ಇರಲಿ ಎಂದು, "ಏನು ಚಳಿ ಮಾವ!" ಎಂದುಬಿಟ್ಟಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಚಳಿಯೇನ್ರೀ? 1884ನೇ ಇಸವಿ ಜನವರಿ 13ಕ್ಕೆ ಇದೇ ಬೆಂಗಳೂರಲ್ಲಿ 7.8 ಡಿಗ್ರಿ!" ಆ ದನಿ ಕೇಳಿದರೆ, ಅವತ್ತು ಬೆಳಗ್ಗೆ ಹಾಲು ತರಲು ಹೋಗಿದ್ದವರು ಅವರೇ ಇರಬೇಕು ಎನ್ನಿಸುತ್ತಿತ್ತು. ಬೇಸಿಗೆಯಲ್ಲಿ ನನ್ನ ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಂಡರೂ ಇದೇ ಉಪಚಾರ: "ಇದಕ್ಕೇ ಹೀಗಾದರೆ ಹೇಗೆ? 2016ರ ಏಪ್ರಿಲಲ್ಲಿ 39.2 ಮುಟ್ಟಿತ್ತು!" ಇನ್ನೊಬ್ಬರ ಸೆಕೆ ಯಾವತ್ತೂ ದಾಖಲೆಗಿಂತ ಕಡಿಮೆ, ಅವರದು ಮಾತ್ರ ಯಾವತ್ತೂ ಹೆಚ್ಚು.

ಯುಗಾದಿ ಕಳೆದು ಬಿಸಿಲು ಬಲಿಯಿತೆಂದರೆ ಅತ್ತೆಯವರ ಸಂಡಿಗೆ ಕಾರ್ಯಾಚರಣೆ ಶುರು. ನಸುಕಿನಲ್ಲೇ ಎದ್ದು ಹಿಟ್ಟು ಕುದಿಸಿ, ತಾರಸಿಯಲ್ಲಿ ಹಳೆಯ ಬಿಳಿ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಬಿಸಿಲೇರುವ ಮೊದಲೇ ಸಾಲಾಗಿ ಇಟ್ಟು ಮುಗಿಸುತ್ತಾರೆ. ಸೋಮವಾರ ಸಬ್ಬಕ್ಕಿ, ಮಂಗಳವಾರ ಅರಳು, ಆಮೇಲೆ ಬೂದುಗುಂಬಳ, ಕೊನೆಗೆ ಮಜ್ಜಿಗೆಯಲ್ಲಿ ನೆನೆದ ಬಾಳಕದ ಮೆಣಸಿನಕಾಯಿ. ಮಾವನವರಿಗೆ ವಹಿಸುವುದು ಒಂದೇ ಕೆಲಸ: ಕಾಗೆ ಕಾಯುವುದು. ಕಪ್ಪು ಕೊಡೆ, ಉದ್ದನೆಯ ಕೋಲು, ದಿನಪತ್ರಿಕೆ, ಒಂದು ಚೊಂಬು ನೀರು ಇಷ್ಟನ್ನೂ ಇಟ್ಟುಕೊಂಡು ನೀರಿನ ತೊಟ್ಟಿಯ ನೆರಳಲ್ಲಿ ಕೂರುತ್ತಾರೆ.

ಸಂಡಿಗೆಯ ವಿಷಯ ಗೊತ್ತಿದ್ದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಮೇಲೆ ಗರಿಗರಿಯಾಗಿ ಒಳಗೆ ಇನ್ನೂ ಮೆತ್ತಗಿರುವ ಅರೆ ಒಣಗಿದ ಸಂಡಿಗೆಯ ಮುಂದೆ ಕರಿದದ್ದು ಏನೂ ಅಲ್ಲ. ಸಂಜೆ ಅತ್ತೆ ಎಣಿಸಿದರೆ ಸಾಲಿಗೆ ಮೂರು ನಾಲ್ಕು ಕಡಿಮೆ. "ಈ ಸಲದಷ್ಟು ಕಾಗೆ ಯಾವ ವರ್ಷವೂ ಇರಲಿಲ್ಲ ಕಣೆ" ಎಂದರು ಮಾವ. ಅತ್ತೆ ಪಂಚೆಯ ಅಂಚಿನಲ್ಲಿ ಬಿದ್ದಿದ್ದ ಅರ್ಧ ಸಂಡಿಗೆಯೊಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, "ಹೌದು, ಈ ವರ್ಷದ ಕಾಗೆ ಹಲ್ಲು ಸೆಟ್ಟೂ ಕಟ್ಟಿಸಿಕೊಂಡಿದೆ" ಎಂದು ಡಬ್ಬಿಯ ಮುಚ್ಚಳ ಹಾಕಿದರು.

ಮಳೆಗಾಲದಲ್ಲಿ ಖಾತೆಗೆ ಕೈತುಂಬ ಕೆಲಸ. ಹವಾಮಾನ ಇಲಾಖೆಯವರ ಮುನ್ಸೂಚನೆ ಮಾವನಿಗೆ ರುಚಿಸುವುದಿಲ್ಲ. ಅವರದೇನಿದ್ದರೂ ಪಂಚಾಂಗದ ಮಳೆ ನಕ್ಷತ್ರ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ, ಪ್ರತಿ ನಕ್ಷತ್ರಕ್ಕೂ ಒಂದು ಗಾದೆ ಇರುತ್ತದೆ. ಹಾಗಾಗಿ ಮಾವನ ಲೆಕ್ಕ ತಪ್ಪುವುದು ಕಷ್ಟ. ಜೋರಾಗಿ ಸುರಿದರೆ, "ಆರಿದ್ರೆ ಮಳೆ ಆರದೆ ಹುಯ್ಯುತ್ತೆ ಅಂತ ಸುಮ್ಮನೆ ಹೇಳಿದ್ದಾರಾ?" ಹನಿಯೂ ಬೀಳದಿದ್ದರೆ, "ನಕ್ಷತ್ರದ್ದೇನೂ ತಪ್ಪಿಲ್ಲ, ಎಲ್ಲ ಈ ಕಾಂಕ್ರೀಟಿಂದ."

ಮಳೆ ಬರುವ ಹೊತ್ತಿಗೆ ಅವರು ಕಿಟಕಿಯ ಬಳಿ ಹಾಜರು. ಕ್ರಿಕೆಟ್ ವೀಕ್ಷಕ ವಿವರಣೆಯಂತೆ ಶುರುವಾಗುತ್ತದೆ: "ಮೋಡ ಕಟ್ಟಿತು… ತಂಪು ಗಾಳಿ ಬಂತು… ಬಿತ್ತು ನೋಡೇ, ಮೊದಲ ಹನಿ! ಅಯ್ಯಯ್ಯೋ, ಬಟ್ಟೆಯೆಲ್ಲ ನೆನೆಯುತ್ತೆ!" ಹಗ್ಗದ ಮೇಲಿನ ಬಟ್ಟೆ ಅವರಿಂದ ಐದೇ ಹೆಜ್ಜೆ ದೂರ. ಆದರೆ ಎತ್ತುವುದು ಅನುಷ್ಠಾನ ವಿಭಾಗದ ಕೆಲಸ, ಅವರದು ಮಾಹಿತಿ ವಿಭಾಗ. ಅಷ್ಟರಲ್ಲಿ ಅತ್ತೆ ಬಟ್ಟೆ ಮಡಿಸಿ ಮುಗಿಸಿರುತ್ತಾರೆ. ಅವರಿಗೆ ಪಂಚಾಂಗ ಬೇಡ. ಭರಣಿಯಲ್ಲಿ ಉಪ್ಪು ನೀರೊಡೆದರೆ, ಬೆಂಕಿಕಡ್ಡಿ ಮೂರು ಸಲ ಗೀರಿದರೂ ಹತ್ತದಿದ್ದರೆ, ಬಚ್ಚಲ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡರೆ ಅವರು ಬಾಯಿಬಿಡದೆ ಹಗ್ಗದ ಬಳಿಗೆ ನಡೆಯುತ್ತಾರೆ.

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅವತ್ತು ಮಾವನ ತಲೆಗೇರುವ ಮಂಕಿ ಕ್ಯಾಪು ಮತ್ತೆ ಇಳಿಯುವುದು ಅವರು ಚಳಿಯನ್ನು ಅಧಿಕೃತವಾಗಿ ಬೀಳ್ಕೊಟ್ಟ ಮೇಲೇ. ನಡುವೆ ಅವರೆಕಾಯಿ ಕಾಲ. ಮನೆಮಂದಿಯೆಲ್ಲ ಹಳೆಯ ಪತ್ರಿಕೆ ಹಾಸಿಕೊಂಡು ಕಾಯಿ ಬಿಡಿಸಿ, ನೆನೆಹಾಕಿ, ಹಿತುಕುತ್ತ ಕೂರುತ್ತೇವೆ. ಮಾವ ಕುರ್ಚಿಯ ಮೇಲಿಂದ ಸೊಗಡಿನ ಮೇಲೆ ಉಪನ್ಯಾಸ ಕೊಡುತ್ತಾರೆ: "ಇಬ್ಬನಿ ಸರಿಯಾಗಿ ಬಿದ್ದರೇ ಸೊಗಡು. ಇದರಲ್ಲಿ ಎಲ್ಲಿದೆ? ಇದು ಅವರೆಕಾಯಿಯ ಜೆರಾಕ್ಸು!" ಹಿತುಕಿದ ಬೇಳೆ ಸಾರನ್ನು ಮೂರನೆಯ ಸಲ ಬಡಿಸಿಕೊಳ್ಳುವಾಗಲೂ ಈ ಅಭಿಪ್ರಾಯ ಬದಲಾಗುವುದಿಲ್ಲ. ಒಮ್ಮೆ ಮೊಮ್ಮಗಳು ಬಲವಂತ ಮಾಡಿದ್ದಕ್ಕೆ ತಾವೂ ಹಿತುಕಲು ಕೂತರು. ಮೊದಲ ಬೇಳೆಯೇ ಚಿಮ್ಮಿ ಟೀವಿಯಲ್ಲಿ ವಾರ್ತೆ ಓದುತ್ತಿದ್ದಾಕೆಯ ಹಣೆಗೆ ಬಡಿಯಿತು. ಅಲ್ಲಿಗೆ ಮತ್ತೆ ಕುರ್ಚಿಗೆ ಮರಳಿದರು.

ಚಳಿ ಅಳೆಯಲು ಅವರ ಉಪಕರಣ ಬಚ್ಚಲ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆಯ ಗಾಜಿನ ಬಾಟಲಿ. "ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಲ್ಲಿ ಗಟ್ಟಿಯಾಗುತ್ತೆ. ಮೊಬೈಲು ಯಾವುದೋ ಊರಿನ ಚಳಿ ಹೇಳುತ್ತೆ, ಇದು ನಮ್ಮ ಬಚ್ಚಲಿನ ಚಳಿ ಹೇಳುತ್ತೆ" ಎಂಬುದು ಅವರ ವಾದ. ದಿನಾ ಬೆಳಗ್ಗೆ ಬಾಟಲಿ ಓರೆ ಮಾಡಿ ನೋಡದೆ ಸ್ನಾನಕ್ಕೆ ಇಳಿದವರಲ್ಲ.

ಹೋದ ವರ್ಷ ಶಿವರಾತ್ರಿಗೆ ಇನ್ನೂ ಮೂರು ವಾರ ಇತ್ತು. ಮಾವ ಬಚ್ಚಲಿನಿಂದ ಟವೆಲ್ ಸುತ್ತಿಕೊಂಡೇ ಹೊರಗೆ ಬಂದು ಬಾಟಲಿ ಎತ್ತಿ ಹಿಡಿದರು. ಎಣ್ಣೆ ನೀರಿನಂತೆ ತುಳುಕುತ್ತಿತ್ತು. "ಶಿವರಾತ್ರಿಗೆ ಶಿವ ಶಿವಾ ಅಂತ ಹೋಗಬೇಕಾದ ಚಳಿ ಈಗಲೇ ಹೋಯಿತು. ಈ ಸಲದಷ್ಟು ಬೇಗ ಯಾವತ್ತೂ ಹೋಗಿದ್ದಿಲ್ಲ!" ಮಧ್ಯಾಹ್ನದೊಳಗೆ ಸ್ವೆಟರು, ರಗ್ಗು, ಕಾಲುಚೀಲ, ಮಂಕಿ ಕ್ಯಾಪು ಎಲ್ಲವೂ ನುಸಿಗುಳಿಗೆ ಸಮೇತ ಟ್ರಂಕು ಸೇರಿ, ಟ್ರಂಕು ನನ್ನ ಹೆಗಲೇರಿ, ಅಟ್ಟ ಸೇರಿತು. ಅತ್ತೆ ಬೇಡ ಎನ್ನಲಿಲ್ಲ. ಬೀಗ ಹಾಕುವ ಮೊದಲು ತಮ್ಮ ಶಾಲೊಂದನ್ನು ಮಾತ್ರ ಎತ್ತಿ ದಿಂಬಿನ ಕೆಳಗಿಟ್ಟುಕೊಂಡರು. ನಾನು ಸ್ಟೂಲಿನಿಂದ ಇಳಿಯುವಾಗ ಪಿಸುಮಾತಿನಲ್ಲಿ ಹೇಳಿದರು: "ಮಗುವಿಗೆ ಜಡೆ ಹಾಕೋಕೆ ಅಂತ ಬೆಳಗ್ಗೆ ಆ ಬಾಟಲಿಯನ್ನ ಬಿಸಿನೀರಲ್ಲಿ ಇಟ್ಟು ಕರಗಿಸಿದ್ದೆ."

ಮರುದಿನ ಬೆಳಗ್ಗೆ ಆರು ಗಂಟೆ. ವರಾಂಡದಲ್ಲಿ ಅತ್ತೆಯ ಜರಿ ಅಂಚಿನ ಶಾಲು ಹೊದ್ದು, ಎರಡೂ ಕೈಯಲ್ಲಿ ಕಾಫಿ ಲೋಟ ತಬ್ಬಿಕೊಂಡು, ಮಾವ ಏಳನೆಯ ಸೀನು ಸೀನುತ್ತಿದ್ದರು. ಒಳಗಿನಿಂದ ಅತ್ತೆ, "ಅಟ್ಟದ ಮೇಲಿಂದ ಆ ಟ್ರಂಕು ಇಳಿಸಿಬಿಡಪ್ಪ" ಎಂದರು.

"ಚಳಿ ನಿನ್ನೆಯೇ ಹೋಯಿತಲ್ಲ ಮಾವ?" ಎಂದೆ.

"ಹೋಗಿತ್ತು. ರಾತ್ರೋರಾತ್ರಿ ವಾಪಸ್ಸು ಬಂದಿದೆ" ಎಂದು ಮೂಗೊರೆಸಿಕೊಂಡು ಆಕಾಶ ನೋಡಿದರು. "ಈ ಸಲದಷ್ಟು ನಾಚಿಕೆಗೆಟ್ಟ ಚಳಿ ನನ್ನ ಜನ್ಮದಲ್ಲೇ ಕಂಡಿಲ್ಲ."