ಆನ್‌ಲೈನ್ ಬೋಧನೆಯ ಚತುಷ್ಪಾದ ಮೀಮಾಂಸೆ

ಕಾಲೇಜು ಅಧ್ಯಾಪಕರು ಕಪ್ಪುಹಲಗೆಯನ್ನು ತೊರೆದು ಕ್ಯಾಮೆರಾದ ಮುಂದೆ ಕುಳಿತ ಬಗೆಯನ್ನೂ ಅದರ ಫಲಾಫಲಗಳನ್ನೂ ವಿಚಾರಿಸುವ ಶಾಸ್ತ್ರವೇ ಆನ್‌ಲೈನ್ ಬೋಧನಾ ಮೀಮಾಂಸೆ. 2017ರಲ್ಲಿ ಲೋಕಾರ್ಪಣೆಗೊಂಡ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆಯ ಪ್ರಕಾರ ಪ್ರತಿಯೊಂದು ಕೋರ್ಸಿಗೂ ವೀಡಿಯೊ ಪಾಠ, ಓದುವ ಸಾಮಗ್ರಿ, ಸ್ವಮೌಲ್ಯಮಾಪನ, ಚರ್ಚಾ ವೇದಿಕೆ ಎಂಬ ನಾಲ್ಕು ಪಾದಗಳಿರತಕ್ಕದ್ದು. ಸೆಮಿಸ್ಟರೊಂದರ ಶೇ. 40ರಷ್ಟು ಕೋರ್ಸುಗಳನ್ನು ಈ ವೇದಿಕೆಯ ಮೂಲಕವೇ ಮುಗಿಸಲು ಯುಜಿಸಿ 2021ರಲ್ಲಿ ಅವಕಾಶವಿತ್ತಿರುವುದರಿಂದ ಈ ನಾಲ್ಕು ಪಾದಗಳು ನಡೆಯುತ್ತಿವೆಯೋ ಕುಂಟುತ್ತಿವೆಯೋ ಎಂಬ ಜಿಜ್ಞಾಸೆ ಅನಿವಾರ್ಯವಾಗಿದೆ.

ಮೊದಲ ಪಾದದ ವಿಷಯದಲ್ಲಿ ಮತಭೇದವಿದೆ. ಅಮೆರಿಕದ ಎಡ್‌ಎಕ್ಸ್ ವೇದಿಕೆಯ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು ವೀಡಿಯೊ 6 ನಿಮಿಷ ಮೀರದಿರುವುದೇ ಲೇಸೆಂದೂ, ದುಬಾರಿ ಸ್ಟುಡಿಯೊಗಿಂತ ಮೇಜಿನೆದುರು ಕುಳಿತು ಸಲುಗೆಯಿಂದ ಆಡಿದ ಮಾತೇ ವಿದ್ಯಾರ್ಥಿಯನ್ನು ಹೆಚ್ಚು ಹಿಡಿದಿಡಬಲ್ಲದೆಂದೂ ಸಾರಿತು. ಹಾಗಾದರೆ ವೇಳಾಪಟ್ಟಿಯ ಒಂದು ಗಂಟೆಯಲ್ಲಿ ಉಳಿದ 54 ನಿಮಿಷಗಳ ಗತಿಯೇನೆಂಬುದು ಪೂರ್ವಪಕ್ಷ. ಹಾಜರಿ, "ಕೇಳಿಸ್ತಾ ಇದೆಯಾ?" ಎಂಬ ಮಂಗಳಾಚರಣೆ, "ಸರ್, ನೀವು ಮ್ಯೂಟ್‌ನಲ್ಲಿದ್ದೀರಿ" ಎಂಬ ಪ್ರತ್ಯುತ್ತರ, ತೆರೆಯದ ಸ್ಲೈಡು, ತೆರೆದ ಮೇಲೆ ಕಾಣಿಸಿದ ಬೇರೊಂದು ತರಗತಿಯ ಸ್ಲೈಡು ಇವೆಲ್ಲ ಮುಗಿಯುವಾಗ ಪಾಠಕ್ಕೆ ಉಳಿಯುವುದು ಹೆಚ್ಚುಕಡಿಮೆ ಆರೇ ನಿಮಿಷವಾದ್ದರಿಂದ ನಮ್ಮ ಅಧ್ಯಾಪಕರು ಆ ಸಂಶೋಧನೆಯನ್ನು ಓದದೆಯೇ ಪಾಲಿಸಿದ್ದಾರೆಂಬುದು ಸಿದ್ಧಾಂತ.

ಎರಡನೆಯ ಪಾದವೆಂದರೆ ಹೆಬ್ಬೆರಳಿನ ನೆರಳು ಸಮೇತ ಓರೆಯಾಗಿ ಸ್ಕ್ಯಾನಾದ ಹಳೆಯ ನೋಟ್ಸು. ಮೂರನೆಯದಾದ ಸ್ವಮೌಲ್ಯಮಾಪನದಲ್ಲಿ ಸರಿಯುತ್ತರ ಬಹುಮಟ್ಟಿಗೆ 'ಮೇಲಿನ ಎಲ್ಲವೂ'. ಅದು ಪ್ರಶ್ನೆಗಿಂತ ಮೊದಲೇ ವಾಟ್ಸಾಪಿನಲ್ಲಿ ಲಭ್ಯ.

ಈ ಪಾದಗಳನ್ನು ನಡೆಸುವ ಅಧ್ಯಾಪಕರಿಗೆ ಗುಣಮಟ್ಟವರ್ಧನೆ ಎಂಬ ಸಂಸ್ಕಾರವೂ ಉಂಟು. ಎರಡು ತಾಸಿನ ವೆಬಿನಾರು, ಕೊನೆಯಲ್ಲೊಂದು ಅಭಿಪ್ರಾಯ ನಮೂನೆ, ಅದನ್ನು ತುಂಬಿದ ಕ್ಷಣವೇ ಇ-ಪ್ರಮಾಣಪತ್ರ ಎಂಬುದು ಇದರ ಕ್ರಮ. ವೆಬಿನಾರಿಗೆ ಕಿವಿಗೊಡದವರಿಗೂ ಫಲಪ್ರಾಪ್ತಿಯಲ್ಲಿ ಲೋಪವಿಲ್ಲದಿರುವುದು ಈ ಶಾಸ್ತ್ರದ ಔದಾರ್ಯ. ಹೊಸ ತಂತ್ರಾಂಶ ಬಂದಾಗಲೆಲ್ಲ ಅಧ್ಯಾಪಕರು ಹೊಸ ಪಾಸ್‌ವರ್ಡೊಂದನ್ನು ಕಲಿಯುವುದರಿಂದ, ಜ್ಞಾನಾಭಿವೃದ್ಧಿಯೇ ಆಗುವುದಿಲ್ಲವೆಂಬ ಆಕ್ಷೇಪವೂ ನಿಲ್ಲಲಾರದು.

ನಾಲ್ಕನೆಯ ಪಾದವಾದ ಚರ್ಚಾ ವೇದಿಕೆಯನ್ನು ಪಂಡಿತರು ಉಪೇಕ್ಷಿಸಿದ್ದಾರೆ. "ಗುಡ್ ಮಾರ್ನಿಂಗ್ ಸರ್", "ಕೊನೆಯ ದಿನಾಂಕ ಮುಂದೆ ಹೋಗುತ್ತಾ ಮೇಡಂ?" ಎಂಬ ಸಾಲುಗಳ ನಡುವೆ ಒಮ್ಮೊಮ್ಮೆ, ಮೂರನೆಯ ವೀಡಿಯೊದಲ್ಲಿ ಋಣಚಿಹ್ನೆಯಿದ್ದ ಪದಕ್ಕೆ ನಾಲ್ಕನೆಯದರಲ್ಲಿ ಧನಚಿಹ್ನೆ ಹೇಗೆ ಬಂತೆಂದು ಯಾರೋ ಕೇಳಿರುತ್ತಾರೆ. ಗುಣಮಟ್ಟದ ನಮೂನೆಗಳಲ್ಲಿ ವೀಡಿಯೊಗಳ ಸಂಖ್ಯೆಗೂ ನೋಂದಣಿಯ ಸಂಖ್ಯೆಗೂ ಕಾಲಂ ಇದೆ, ಆ ಪ್ರಶ್ನೆಗೆ ಮಾತ್ರ ಇಲ್ಲ. ಮುಂದಿನ ವೆಬಿನಾರಿಗೆ ಹೆಸರು ನೋಂದಾಯಿಸುವ ಮುನ್ನ ಅಧ್ಯಾಪಕರು ದಯವಿಟ್ಟು ಅದಕ್ಕೆ ಉತ್ತರಿಸಬೇಕಾಗಿ ಕೋರಲಾಗಿದೆ.