ಚೀಟಿ ಇಲ್ಲದೆ ಜತ್ತ ಇಲ್ಲ

24 ತಾಸಿನಲ್ಲಿ 1000 ಮೈಲಿ, ಅಂದರೆ ಸುಮಾರು 1610 ಕಿಲೋಮೀಟರ್. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ನಡೆಸುವ ‘ಸ್ಯಾಡಲ್‌ಸೋರ್ 1000’ ಎಂಬ ಬೈಕ್ ವ್ರತಕ್ಕೆ ಇದೇ ಮುಖ್ಯ ನಿಯಮ. ಯಾವ ವಾರಾಂತ್ಯ, ಯಾವ ದಾರಿ ಎಂಬುದೆಲ್ಲ ಸವಾರನ ಇಷ್ಟ. ಗೆದ್ದವನಿಗೆ ಬಹುಮಾನವಿಲ್ಲ, ಒಂದು ಪ್ರಮಾಣಪತ್ರ, ಅದಕ್ಕೂ ಶುಲ್ಕ.

ತಾಸಿಗೆ 67 ಕಿಲೋಮೀಟರ್ ಸಾಕಲ್ಲ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕಿದವನಿಗೆ ಎಲ್ಲವೂ ಸಲೀಸು. ಚಹಾ, ಪಂಕ್ಚರ್, ಕಬ್ಬಿನ ಟ್ರ್ಯಾಕ್ಟರ್, ಸೊಂಟ, ಎಲ್ಲವೂ ಆ 67ರ ಒಳಗೇ ಮುಗಿಯಬೇಕು.

ನಮ್ಮ ಸವಾರ ಬೆಂಗಳೂರಿನವನು ಎನ್ನಿ. ಹೆದ್ದಾರಿಯಲ್ಲಿ ಪುಣೆಗೆ ಹೋಗಿ ಬಂದಿದ್ದರೆ ಲೆಕ್ಕ ತೀರುತ್ತಿತ್ತು. ಸಾಹಸಿಯಾದ್ದರಿಂದ ವಿಜಯಪುರ, ಜತ್ತ, ಮಿರಜ ಎಂದು ಸುತ್ತು ಹಾಕುತ್ತಾನೆ. ಇಂಥ ತಿರುವಿನ ಊರಲ್ಲಿ ಸ್ಥಳ, ವೇಳೆ ಅಚ್ಚಾದ ಪೆಟ್ರೋಲ್ ಚೀಟಿ ಬೇಕು. ಇಲ್ಲದಿದ್ದರೆ ಪರಿಶೀಲಿಸುವವರು ಅಥಣಿ ಮೇಲಿನ ಹತ್ತಿರದ ದಾರಿಯನ್ನೇ ಎಣಿಸಿಬಿಡುತ್ತಾರೆ.

ಜತ್ತದ ಪಂಪಿನಲ್ಲಿ ಮಷೀನು ಮುನಿಸಿಕೊಂಡಿದೆ.

“ಕೈಲೆ ಬರದ ಕೊಡ್ತೀನ್ರಿ.”

“ಪ್ರಿಂಟೇ ಬೇಕು.”

“ಕಂಪನಿಯವ್ರು ರೊಕ್ಕ ಕೊಡ್ತಾರೇನ್ರಿ?”

“ಇಲ್ಲ.”

“ಮತ್ತ ಯಾಕ ಬೇಕ್ರಿ?”

ಸವಾರ ಹೆಲ್ಮೆಟ್ ತೆಗೆದು ಯೋಚಿಸುತ್ತಾನೆ. ಉತ್ತರ ಹೊಳೆಯುವುದಿಲ್ಲ. ಹುಡುಗ ಕಾಗದದ ಸುರುಳಿ ಬಿಚ್ಚಿ, ಊದಿ, ತಿರುಗಿಸಿ ಹಾಕಿ, ಮಷೀನಿನ ತಲೆಗೆ ಎರಡು ಕೊಡುತ್ತಾನೆ. ಚಹಾದಂಗಡಿಯ ಹಿರಿಯರು ಎದ್ದು ಬಂದು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಸಲಹೆ ಕೊಡುತ್ತಾರೆ. ಕಡೆಗೆ ಕರ್ರೆಂದು ಚೀಟಿ ಬರುತ್ತದೆ. ಊರು ಸರಿ, ಲೀಟರು ಸರಿ. ತಾರೀಖು ಮಾತ್ರ 2000ದ ಜನವರಿ 1! ಹೊರಡುವುದಕ್ಕೆ ಎರಡು ದಶಕ ಮೊದಲೇ ಸವಾರ ಜತ್ತ ಮುಟ್ಟಿದ್ದಾನೆ. ಅಮೆರಿಕದಲ್ಲೂ ಯಾರೂ ಇಷ್ಟು ಬೇಗ ತಲುಪಿರಲಾರರು.

ಅವನ ಗೋಳಿಗೆ ಹಿರಿಯರು ನಗುತ್ತಾರೆ. ಕಾಗದದ ಪಾಡು ಮಹಾರಾಷ್ಟ್ರದ ಈ ಗಡಿ ತಾಲ್ಲೂಕಿಗೆ ಹೊಸದಲ್ಲ. ನೀರಿಲ್ಲದೆ ಬೇಸತ್ತ ಇಲ್ಲಿನ 40 ಹಳ್ಳಿಗಳು ಕರ್ನಾಟಕ ಸೇರುವ ಠರಾವು ಮಾಡಿದ್ದು 2012ರಲ್ಲಿ. ಅದು ದೊಡ್ಡ ಸುದ್ದಿಯಾದದ್ದು 2022ರ ನವೆಂಬರಿನಲ್ಲಿ, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮಾತೆತ್ತಿದಾಗ. ರಾಜಕಾರಣಿಗಳ ಹೇಳಿಕೆಗಳು ಗಡಿಯ ಆಚೆಗೂ ಈಚೆಗೂ ಶರವೇಗದಲ್ಲಿ ಓಡಿದವು. ಈ ಹಳ್ಳಿಗಳು ಕಾಯುತ್ತಿದ್ದ ಮ್ಹೈಸಾಳ ಏತ ನೀರಾವರಿಯ ನೀರು ಮಾತ್ರ ಯಾವ ರ‍್ಯಾಲಿಗೂ ಹೆಸರು ಕೊಟ್ಟಿರಲಿಲ್ಲ.

“ಗುಡ್ಡಾಪುರಕ್ಕ ಹೋಗ್ರಿ,” ಎನ್ನುತ್ತಾರೆ ಒಬ್ಬ ಹಿರಿಯರು. “ಛಟ್ಟಿ ಅಮಾಸಿಗೆ ದಾನಮ್ಮನ ಜಾತ್ರಿಗೆ ಮಂದಿ ವಿಜಾಪುರದಿಂದ ನಡಕೋತ ಬರ್ತಾರ, ನಿಮಗ ಗಾಡಿ ಐತಿ. ದೇಣಿಗಿ ಕೊಡ್ರಿ, ತಾರೀಖು ಹಾಕಿ ಪಾವತಿ ಕೊಡ್ತಾರ. ದಾಸೋಹದಾಗ ಊಟಾನೂ ಆಗ್ತದ.”

ಸವಾರ ವಾಚು ನೋಡಿಕೊಳ್ಳುತ್ತಾನೆ. ಆಮೇಲೆ ಊಟಕ್ಕೆ ಏನೇನಿರುತ್ತದೆ ಎಂದು ಕೇಳುತ್ತಾನೆ.